ಕಡಮತ್‌ನ ಮರಳಿನ ಬಗ್ಗೆ ಲಕ್ಷದ್ವೀಪದ ಆಡಳಿತಕ್ಕೆ ಒಂದು ಪತ್ರ

ಲಕ್ಷದ್ವೀಪದ ಆಡಳಿತಾಧಿಕಾರಿಗಳಿಗೆ, ಹಾಗೇ ಅಲ್ಲಿಗೆ ಹೊರಟು ನಿಂತಿರುವ ನಮ್ಮ ಕನ್ನಡದ ಪ್ರವಾಸಿಗರಿಗೂ,

ಮಾನ್ಯರೇ,

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಹವಳದ ತುಂಡಿದೆ. ಮುಷ್ಟಿಯಷ್ಟು ಗಾತ್ರ, ಹಳೇ ಹಲ್ಲಿನ ಬಣ್ಣ. ಅಪ್ಪ ಮಂಗಳೂರು ಬಂದರಿನಲ್ಲಿ ತೆಂಗಿನ ನಾರಿನ ವ್ಯಾಪಾರ ಮಾಡುತ್ತಿದ್ದರು. ನಿಮ್ಮ ದ್ವೀಪಗಳಿಂದ ಬರುತ್ತಿದ್ದ ಮಂಜಿಯ, ಅಂದರೆ ಸರಕಿನ ಮರದ ಹಡಗಿನ, ತಾಂಡೇಲರೊಬ್ಬರು (ಹಡಗಿನ ಮುಖ್ಯಸ್ಥರು) ಎಪ್ಪತ್ತರ ದಶಕದಲ್ಲಿ ಯಾವತ್ತೋ ಅದನ್ನು ಕೊಟ್ಟಿದ್ದರಂತೆ. ಬಂದರಿನ ಆಸುಪಾಸಿನ ಎಷ್ಟೋ ಹಳೇ ಮನೆಗಳಲ್ಲಿ ಇಂಥ ತುಂಡು ಸಿಗುತ್ತದೆ. ಕಾನೂನಿನ ಅಡ್ಡಿ ಬಂದದ್ದು ಆಮೇಲೆ, 2001ರಲ್ಲಿ.

ಚಿಕ್ಕವಳಿದ್ದಾಗ ಅದು ಕಲ್ಲು ಅಂದುಕೊಂಡಿದ್ದೆ. ಅಪ್ಪ ಒಂದು ಸಲ ಭೂತಗನ್ನಡಿ ಕೊಟ್ಟು ನೋಡು ಅಂದರು. ನೋಡಿದರೆ ತುಂಬಾ ತೂತು. ಪ್ರತಿ ತೂತಿನ ಒಳಗೂ ನಕ್ಷತ್ರದ ಹಾಗೆ ಸಣ್ಣ ಸಣ್ಣ ಗೋಡೆ. ಎಣಿಸೋಕೆ ಹೋಗಿ ಇನ್ನೂರು ದಾಟಿದ ಮೇಲೆ ಬಿಟ್ಟೆ. ಆ ಒಂದೊಂದು ತೂತಿನಲ್ಲೂ ಒಂದೊಂದು ಜೀವ ಇತ್ತು, ಮನೆ ಕಟ್ಟಿಕೊಂಡು ಇತ್ತು ಅಂತ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ದ್ವೀಪವನ್ನು ಮಾತ್ರ ಕಣ್ಣಾರೆ ಕಂಡದ್ದು ಈಚೆಗೆ, ಅಪ್ಪ ಹೋದ ಮೇಲೆ. ಆ ಪ್ರವಾಸದಿಂದ ಬಂದಾಗಿನಿಂದ ಮನಸ್ಸಿನಲ್ಲಿ ಕೊರೆಯುತ್ತಿರುವುದನ್ನು ಬರೆಯುತ್ತಿದ್ದೇನೆ.

ನೀನ್ಯಾರು ಕೇಳೋಕೆ ಅನ್ನಬಹುದು. ಪೂರ್ತಿ ಹೊರಗಿನವರು ನಾವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಐದು ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅದಕ್ಕೂ ಹಿಂದೆ 1780ರ ದಶಕದಲ್ಲಿ ಅಮಿನಿಯ ಜನ ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತ ಸಾಕಾಗಿ ಟಿಪ್ಪುವಿನ ಆಶ್ರಯ ಕೇಳಿ ಬಂದಿದ್ದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಆ ದ್ವೀಪಗಳು ಬ್ರಿಟಿಷರ ಕೈಗೆ ಹೋದವು. ಅಲ್ಲಿನ ನಾರು ಮಂಗಳೂರಿಗೆ, ಇಲ್ಲಿನ ಅಕ್ಕಿ ಅಲ್ಲಿಗೆ. ಇವತ್ತಿಗೂ ಹಳೇ ಬಂದರಿನಲ್ಲಿ ನಿಂತರೆ ಸಿಮೆಂಟ್, ಜಲ್ಲಿ, ತರಕಾರಿ, ಅಕ್ಕಿ ಮೂಟೆ ಹೇರಿಕೊಂಡು ಮಂಜಿಗಳು ದ್ವೀಪದ ಕಡೆ ಹೊರಡುವುದು ಕಾಣುತ್ತದೆ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಬಿಡುವು.

ಕಡಮತ್‌ನಲ್ಲಿ ಇಳಿದ ಮೊದಲ ದಿನ ನಾನು ಮಾಡಿದ್ದು ಎಲ್ಲರೂ ಮಾಡುವುದೇ. ನೀರು ನೋಡಿ ಬಾಯಿ ಬಿಟ್ಟೆ. ದಡದ ಹತ್ತಿರ ನೀರಿಗೆ ಬಣ್ಣವೇ ಇಲ್ಲ. ಸ್ವಲ್ಪ ಮುಂದೆ ಎಳೇ ಹಸಿರು, ಅದರಾಚೆ ನೀಲಿ. ಬಹಳ ದೂರದಲ್ಲಿ ಒಂದು ಬಿಳಿ ಗೆರೆ. ಅಲ್ಲಿ ಅಲೆ ಒಡೆಯುತ್ತದೆ, ಸದ್ದು ಮಾತ್ರ ಇಲ್ಲಿಯವರೆಗೂ ಬರುತ್ತದೆ. ಆ ಗೆರೆಯ ಆಚೆ ಸಮುದ್ರ, ಈಚೆ ಲಗೂನ್. ಗೆರೆಯೇ ಹವಳದ ದಿಬ್ಬ. ನಮ್ಮ ಪಣಂಬೂರಿನಲ್ಲೋ ಸೋಮೇಶ್ವರದಲ್ಲೋ ಅಲೆ ನೇರ ಕಾಲಿಗೇ ಬಂದು ಬಡಿಯುತ್ತದೆ. ಇಲ್ಲಿ ಕಾಲ ಹತ್ತಿರ ಬರುವಾಗ ಅದು ಬಟ್ಟಲಲ್ಲಿ ನೀರು ತುಳುಕಿದಷ್ಟು ಮೆತ್ತಗೆ.

ಮಾರನೇ ದಿನ ಬೆಳಿಗ್ಗೆ ಕನ್ನಡಕ, ಉಸಿರುಕೊಳವೆ ಹಾಕಿಕೊಂಡು ಮುಖ ನೀರೊಳಗೆ ಇಟ್ಟೆ. ಮೊದಲು ಕೇಳಿದ್ದು ಸದ್ದು. ಕಟಕಟ, ಕಟಕಟ. ಯಾರೋ ಚಕ್ಕುಲಿ ತಿಂದ ಹಾಗೆ. ನೋಡಿದರೆ ಗಿಳಿಮೀನುಗಳು. ಹಸಿರು, ನೀಲಿ, ಗುಲಾಬಿ, ಒಂದೇ ಮೀನಿನ ಮೈಮೇಲೆ ಎಲ್ಲಾ ಬಣ್ಣ. ಹಲ್ಲುಗಳು ಸೇರಿ ಗಿಳಿಯ ಕೊಕ್ಕಿನ ಹಾಗೆ ಆಗಿವೆ. ಸತ್ತ ಹವಳದ ಮೇಲೆ ಬೆಳೆದ ಪಾಚಿ ಕೆರೆದು ತಿನ್ನುವುದು ಅವುಗಳ ಕೆಲಸ. ಪಾಚಿಯ ಜೊತೆ ಹವಳದ ಸುಣ್ಣವೂ ಹೊಟ್ಟೆಗೆ ಹೋಗುತ್ತದೆ, ಒಳಗೆ ನುಣ್ಣಗೆ ಅರೆದು ಹಿಂದಿನಿಂದ ಹೊರಗೆ ಬರುತ್ತದೆ. ನನ್ನ ಮುಂದೆಯೇ ಒಂದು ಮೀನು ಎರಡು ಸಲ ಕಚ್ಚಿ, ಸ್ವಲ್ಪ ಮುಂದೆ ಹೋಗಿ, ಬಿಳಿ ಪುಡಿಯ ಒಂದು ಮೋಡ ಬಿಟ್ಟು ಹೋಯಿತು. ಆ ಮೋಡ ನಿಧಾನಕ್ಕೆ ತಳಕ್ಕೆ ಇಳಿಯಿತು.

ಆ ಪುಡಿಯೇ ಮರಳು. ಹಿಂದಿನ ಸಂಜೆ ನಾನು ಬರಿಗಾಲಲ್ಲಿ ನಡೆದು 'ಆಹಾ ಎಷ್ಟು ನುಣುಪು' ಅಂದದ್ದರಲ್ಲಿ ಒಂದು ದೊಡ್ಡ ಪಾಲು ಮೀನಿನ ಹಿಕ್ಕೆ! ದೊಡ್ಡ ಜಾತಿಯ ಒಂದೊಂದು ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಉಳಿದದ್ದು ಅಲೆ ಪುಡಿ ಮಾಡಿದ ಹವಳ, ಚಿಪ್ಪು. ನಮ್ಮ ಕರಾವಳಿಯ ಮರಳು ಘಟ್ಟದಿಂದ ಬರುತ್ತದೆ. ನೇತ್ರಾವತಿ, ಗುರುಪುರ ನದಿಗಳು ಹೊತ್ತು ತರುತ್ತವೆ. ಲಕ್ಷದ್ವೀಪದಲ್ಲಿ ಬೆಟ್ಟವೂ ಇಲ್ಲ, ನದಿಯೂ ಇಲ್ಲ. ಹವಳ ಕಟ್ಟಿದ್ದು, ಮೀನು ಅರೆದದ್ದು, ಅಲೆ ತಂದು ರಾಶಿ ಹಾಕಿದ್ದು. ನೆಲ ಅಂತ ಇರುವುದು ಅಷ್ಟೇ.

ಇದರ ಅಡಿಗೆ ಏನಿದೆ ಅಂತ 1842ರಲ್ಲೇ ಚಾರ್ಲ್ಸ್ ಡಾರ್ವಿನ್ ಬರೆದಿದ್ದರು. ಹಿಂದೆ ಇಂಥ ಕಡೆಗಳಲ್ಲಿ ಜ್ವಾಲಾಮುಖಿಯ ಬೆಟ್ಟಗಳಿದ್ದವು, ಅವುಗಳ ಸುತ್ತ ಹವಳ ಬೆಳೆಯಿತು, ಬೆಟ್ಟ ನಿಧಾನಕ್ಕೆ ಮುಳುಗುತ್ತಾ ಹೋಯಿತು, ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯುತ್ತಾ ಹೋಯಿತು, ಕೊನೆಗೆ ಉಂಗುರ ಮಾತ್ರ ಉಳಿಯಿತು ಅಂತ. ಬೆಟ್ಟ ಹೋದರೂ ಅದರ ಸುತ್ತಿನ ಬೇಲಿ ಉಳಿದ ಹಾಗೆ. ಆ ಬೇಲಿಯ ಮೇಲೆ ನಿಮ್ಮ ಕಚೇರಿ ಇದೆ, ಶಾಲೆ ಇದೆ, ಮಸೀದಿ ಇದೆ. 2011ರ ಜನಗಣತಿಯ ಪ್ರಕಾರ 64,473 ಜನ ಇದ್ದಾರೆ. ಒಟ್ಟು ನೆಲ 32 ಚದರ ಕಿಲೋಮೀಟರ್. ಲಗೂನ್‌ಗಳ ಲೆಕ್ಕ ಸುಮಾರು 4,200 ಚದರ ಕಿಲೋಮೀಟರ್.

ಅದೇ ಪ್ರವಾಸದಲ್ಲಿ ಇನ್ನೊಂದನ್ನೂ ನೋಡಿದೆ. ನಮ್ಮನ್ನು ಕರೆದುಕೊಂಡು ಹೋದ ಸಂಸ್ಥೆಯ ಹೆಸರು ಬೇಡ. ದೋಣಿಯ ಹುಡುಗ ನೀರಿಗೆ ಮುಳುಗಿ ಕಡಲ ಸೌತೆ ಅನ್ನುವ ಒಂದು ಪ್ರಾಣಿಯನ್ನು ಎತ್ತಿಕೊಂಡು ಬಂದು ನನ್ನ ಕೈಯಲ್ಲಿಟ್ಟ. 'ಮೇಡಂ, ಫೋಟೋ.' ಒದ್ದೆ ಚರ್ಮದ ಚೀಲದ ಹಾಗಿತ್ತು. ಹಿಡಿದ ಎರಡು ನಿಮಿಷಕ್ಕೆ ಗಟ್ಟಿಯಾಯಿತು, ಒಳಗಿನ ನೀರು ಬಿಟ್ಟಿತು. ನಾನು ಫೋಟೋ ತೆಗೆಸಿಕೊಂಡೆ. ಸುಳ್ಳು ಯಾಕೆ ಹೇಳಲಿ, ನಕ್ಕೆ ಕೂಡ. ರೂಮಿಗೆ ಬಂದು ಓದಿದ ಮೇಲೆ ಗೊತ್ತಾಯಿತು, ಅದು ಹುಲಿ, ಆನೆಗೆ ಇರುವಷ್ಟೇ ಕಾನೂನಿನ ರಕ್ಷಣೆ ಇರುವ ಪ್ರಾಣಿ. ಕಡಲ ಸೌತೆಗೆಂದೇ ಒಂದು ರಕ್ಷಿತ ಪ್ರದೇಶವನ್ನು ಜಗತ್ತಿನಲ್ಲಿ ಮೊದಲು ಮಾಡಿದ್ದು ನೀವೇ, 2020ರಲ್ಲಿ, ಚೆರಿಯಪಾಣಿ ಅನ್ನುವ ಹವಳದ ದಿಬ್ಬದಲ್ಲಿ. ಅದನ್ನು ಓದಿ ಖುಷಿಯಾಯಿತು, ನಾಚಿಕೆಯೂ ಆಯಿತು. ಅದೇ ದೋಣಿಯಲ್ಲಿ ಬಂದ ನಮ್ಮೂರಿನ ಒಬ್ಬರು ಸುಸ್ತಾಯಿತೆಂದು ಕವಲು ಹವಳದ ಮೇಲೆ ನಿಂತುಬಿಟ್ಟರು. ಹಪ್ಪಳ ಮುರಿದ ಹಾಗೆ ಸದ್ದಾಯಿತು. ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಪಿಟ್ಟಿ ದ್ವೀಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಜಧಾನಿ ಕವರತ್ತಿಯಿಂದ ಸುಮಾರು 24 ಕಿಲೋಮೀಟರ್ ದೂರ, ಮೂರು ಎಕರೆಯಷ್ಟು ಬರೀ ಮರಳು. ಒಂದು ಮರವಿಲ್ಲ. ರೀವ ಜಾತಿಯ ಕಡಲಹಕ್ಕಿಗಳು ಸಾವಿರಗಟ್ಟಲೆ ಬಂದು ಬರೀ ಮರಳಿನ ಮೇಲೇ ಮೊಟ್ಟೆ ಇಡುತ್ತವೆ. ಬಿತ್ರಾ ಕೂಡ ಒಂದು ಕಾಲಕ್ಕೆ ಹೀಗೇ ಹಕ್ಕಿಗಳ ದ್ವೀಪವಾಗಿತ್ತು. ಈಗ ಪಿಟ್ಟಿ ಉಳಿದಿದೆ. ಅದಕ್ಕೆ ಯಾರನ್ನೂ ಕರೆದುಕೊಂಡು ಹೋಗಬೇಡಿ, ಡ್ರೋನ್ ಕೂಡ ಬೇಡ. ಅಷ್ಟೇ.

ಆಮೆಗಳ ಕಥೆ ಅಷ್ಟು ಸರಳ ಅಲ್ಲ. ಪ್ರಾಣಿಪ್ರೇಮ ಅಂತ ಸುಮ್ನೆ ಕೂಗುವ ನಮ್ಮಂಥವರಿಗೆ ಅದು ತಿಳಿದಿರಬೇಕು. ಹಿಂದೆ ದ್ವೀಪದವರು ಹಸಿರಾಮೆ ಹಿಡಿದು ಅದರ ಕೊಬ್ಬನ್ನು ದೋಣಿಯ ಮರಕ್ಕೆ ಬಳಿಯುತ್ತಿದ್ದರು. ನೀರು ಒಳಗೆ ಬರಬಾರದಲ್ಲ. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಅದು ನಿಂತಿತು. ಆಮೆ ತಿನ್ನುವ ಶಾರ್ಕ್‌ಗಳೂ ಕಡಿಮೆಯಾಗಿದ್ದವು. ಅಗತ್ತಿ ದ್ವೀಪದ ಲಗೂನ್‌ನಲ್ಲಿ ಹಸಿರಾಮೆಗಳ ಹಿಂಡೇ ಸೇರಿತು. ಅವುಗಳ ಊಟ ಕಡಲ ಹುಲ್ಲು. ದನ ಮೇಯ್ದ ಹಾಗೆ ಮೇಯ್ದವು. ಹುಲ್ಲುಗಾವಲು ಬೋಳಾಯಿತು. ಆ ಹುಲ್ಲಿನೊಳಗೆ ಬೆಳೆಯುತ್ತಿದ್ದ ಮೀನಿನ ಮರಿಗಳಿಗೆ ಜಾಗ ಇಲ್ಲವಾಯಿತು, ಮೀನುಗಾರರಿಗೆ ಸಿಟ್ಟು ಬಂತು. ಹುಲ್ಲು ಮುಗಿದ ಮೇಲೆ ಆಮೆಗಳು ಬೇರೆ ದ್ವೀಪಗಳ ಲಗೂನ್ ಹುಡುಕಿಕೊಂಡು ಹೋದವು. ಇದನ್ನೆಲ್ಲಾ ವರ್ಷಗಟ್ಟಲೆ ನೀರಿಗಿಳಿದು ಅಳೆದು ಬರೆದಿಟ್ಟವರು ನಮ್ಮ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಸಂಶೋಧಕರು.

ನಾನು ಕಂಡ ಆಮೆ ಒಂದೇ. ಕಡಮತ್‌ನ ಸಂಜೆ, ಸೊಂಟದುದ್ದ ನೀರಿನಲ್ಲಿ ನಿಂತಿದ್ದಾಗ ಎರಡು ಮಾರು ದೂರದಲ್ಲಿ ತಲೆ ಎತ್ತಿತು. 'ಪುಸ್' ಅಂತ ಉಸಿರು ಬಿಟ್ಟಿತು. ಒಂದು ಕ್ಷಣ ನನ್ನನ್ನು ನೋಡಿತು, ನಮ್ಮ ಅಜ್ಜಿ ಕನ್ನಡಕದ ಮೇಲಿನಿಂದ ನೋಡುತ್ತಿದ್ದ ಹಾಗೆ. ಮತ್ತೆ ಮುಳುಗಿತು. ಮೀನುಗಾರನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಆ ಉಸಿರಿನ ಸದ್ದು ಕಿವಿಯಲ್ಲಿ ಉಳಿದಿದೆ.

ಮೀನುಗಾರರ ಮಾತು ಬಂತಲ್ಲ, ಅದನ್ನೂ ಹೇಳಲೇಬೇಕು. ಜಗತ್ತಿನ ಎಷ್ಟೋ ಹವಳದ ದ್ವೀಪಗಳಲ್ಲಿ ದಿಬ್ಬದ ಮೀನನ್ನೇ ಬಳಿದು ತಿಂದು ಮುಗಿಸಿದ್ದಾರೆ. ಲಕ್ಷದ್ವೀಪದಲ್ಲಿ ಹಾಗಾಗದಿರಲು ದೊಡ್ಡ ಕಾರಣ ಟ್ಯೂನಾ, ನಮ್ಮ ಕಡೆ ಕೇದರ ಅನ್ನುವ ಮೀನು. ಮಿನಿಕಾಯ್ ದ್ವೀಪದವರ ಹಳೇ ವಿದ್ಯೆ ಅದು. ಬೆಳಿಗ್ಗೆ ಲಗೂನ್‌ನಲ್ಲಿ ಸಣ್ಣ ಮೀನು ಹಿಡಿದು ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಹೊರಗಿನ ಕಡಲಿಗೆ ಹೋಗಿ ಟ್ಯೂನಾ ಹಿಂಡು ಕಂಡ ಕೂಡಲೇ ಅದನ್ನು ಎರಚುತ್ತಾರೆ, ಜೊತೆಗೆ ಮಳೆ ಬಂದ ಹಾಗೆ ನೀರು ಚಿಮ್ಮಿಸುತ್ತಾರೆ. ಮೀನು ಹುಚ್ಚು ಹಿಡಿದ ಹಾಗೆ ಮೇಲೆ ಬರುತ್ತದೆ. ಸಾಲಾಗಿ ನಿಂತು ಉದ್ದನೆ ಕೋಲು, ಮುಳ್ಳಿಲ್ಲದ ಗಾಳ. ಒಂದು ಕೋಲಿಗೆ ಒಂದು ಮೀನು. ಬಲೆ ಇಲ್ಲ, ಆದ್ದರಿಂದ ಆಮೆ, ಡಾಲ್ಫಿನ್ ಸಿಕ್ಕಿಬೀಳುವ ಪ್ರಶ್ನೆ ಇಲ್ಲ. ಹಿಡಿದದ್ದನ್ನು ಬೇಯಿಸಿ, ಹೊಗೆ ಕೊಟ್ಟು, ಒಣಗಿಸಿದರೆ ಮಾಸ್. ಕಟ್ಟಿಗೆಯ ಹಾಗೆ ಗಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ.

ಆದರೆ ಎರೆಯ ಆ ಸಣ್ಣ ಮೀನು ಇರುವುದು ಎಲ್ಲಿ? ಲಗೂನ್‌ನಲ್ಲಿ, ಅದರಲ್ಲೂ ಎಷ್ಟೋ ಜಾತಿಗಳು ಕವಲು ಹವಳದ ಸಂದಿಯಲ್ಲಿ. ಹವಳ ಹೋದರೆ ಎರೆ ಹೋಯಿತು. ಎರೆ ಹೋದರೆ ಕೋಲು ಮೂಲೆ ಸೇರುತ್ತದೆ.

ಹವಳ ಹೋಗುತ್ತಿದೆ, ಮಾನ್ಯರೇ. ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಹವಳದ ಮೈಯೊಳಗೆ ಪಾಚಿ ಇರುತ್ತದೆ, ಬಣ್ಣವೂ ಅದರದ್ದೇ, ಊಟದ ಬಹುಪಾಲೂ ಅದರದ್ದೇ. ನೀರು ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಬೆಳ್ಳಗಾಗುತ್ತದೆ. ಹಾಗೇ ಉಳಿದರೆ ಹಸಿವಿನಿಂದ ಸಾಯುತ್ತದೆ. 1998ರಲ್ಲಿ ಹೀಗಾಯಿತು, 2010ರಲ್ಲಿ ಮತ್ತೆ, 2016ರಲ್ಲಿ ಮತ್ತೆ, 2024ರಲ್ಲಿ ಮತ್ತೆ. ಮೈಸೂರಿನ ಅದೇ ತಂಡ ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 24 ವರ್ಷ ಲೆಕ್ಕ ಇಟ್ಟಿದೆ. 1998ರಲ್ಲಿ ದಿಬ್ಬದ ಶೇಕಡಾ 37ರಷ್ಟು ಭಾಗದಲ್ಲಿ ಜೀವಂತ ಹವಳ ಇತ್ತು. 2022ರ ಹೊತ್ತಿಗೆ ಅದು ಶೇಕಡಾ 19ಕ್ಕೆ ಇಳಿದಿತ್ತು. ಆರು ವರ್ಷ ಬಿಸಿಯ ಹೊಡೆತ ಇಲ್ಲದೆ ಬಿಟ್ಟರೆ ಹವಳ ಚೇತರಿಸಿಕೊಳ್ಳುವ ವೇಗ ಹೆಚ್ಚುತ್ತದೆ ಅಂತಲೂ ಆ ಲೆಕ್ಕ ಹೇಳುತ್ತದೆ. ಕಾಯಿಲೆಯಿಂದ ಎದ್ದವರಿಗೆ ಬೇಕಾಗುವ ಬಿಡುವು ಅದು. ಸಿಗುತ್ತಿಲ್ಲ.

ಸಮುದ್ರದ ಬಿಸಿ ನಿಮ್ಮ ಕಚೇರಿಯ ಕೈಯಲ್ಲಿಲ್ಲ, ಒಪ್ಪಿದೆ. ಆದರೆ ಲಗೂನ್ ನಿಮ್ಮ ಕೈಯಲ್ಲಿದೆ.

ನೀತಿ ಆಯೋಗದ ಯೋಜನೆಯಲ್ಲಿ ಮಿನಿಕಾಯ್, ಕಡಮತ್, ಸುಹೇಲಿ ಮೂರೂ ಕಡೆ ಸೇರಿ 370 ವಿಲ್ಲಾಗಳ ಮಾತಿದೆ. ಅದರಲ್ಲಿ ನೀರಿನ ಮೇಲೆ ಕಂಬ ನೆಟ್ಟು ಕಟ್ಟುವವೂ ಸೇರಿವೆ. 2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪದ ಫೋಟೋಗಳು ಬಂದ ಮೇಲಂತೂ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ದಿನಾ ಒಬ್ಬರು 'ಮಾಲ್ಡೀವ್ಸ್ ಯಾಕೆ, ನಮ್ಮದೇ ಇದೆಯಲ್ಲ' ಅನ್ನುತ್ತಾರೆ. ಇರಲಿ, ಬರಲಿ. ದ್ವೀಪದ ಹುಡುಗರಿಗೂ ಕೆಲಸ ಬೇಕು. ನಾನೂ ಹೋಗಿ ಬಂದವಳೇ, ಬಾಗಿಲು ಹಾಕಿ ಅನ್ನಲು ನನಗೆ ಮುಖವಿಲ್ಲ. ನನ್ನ ತಕರಾರು ಕಂಬದ ಬಗ್ಗೆ. ಕಂಬ ಊರಿದರೆ ಹೂಳು ಏಳುತ್ತದೆ. ಹೂಳು ಹವಳದ ಬಾಯಿ ಮುಚ್ಚುತ್ತದೆ. ವಿಲ್ಲಾದ ನೆರಳು ಬಿದ್ದಲ್ಲಿ ಕಡಲ ಹುಲ್ಲು ಬೆಳೆಯದು. ಕಕ್ಕಸಿನ ನೀರು ಲಗೂನ್‌ಗೆ ಸೇರಿದರೆ ಪಾಚಿಗೆ ಹಬ್ಬ, ಹವಳಕ್ಕಲ್ಲ. ಲಗೂನ್ ಖಾಲಿ ಸೈಟ್ ಅಲ್ಲ.

ಕುಡಿಯುವ ನೀರಿನ ಕಥೆ ಗೊತ್ತಿರುವುದೇ. ಉಪ್ಪು ನೀರಿನ ಮೇಲೆ ತೆಳ್ಳಗೆ ತೇಲುವ ಸಿಹಿನೀರಿನ ಪದರ, ಬಾವಿಯಲ್ಲಿ ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ. ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ ಇದೆ, ದಿನಕ್ಕೆ ಒಂದು ಲಕ್ಷ ಲೀಟರ್. ಅದು ಊರಿನವರಿಗಾಗಿ ಕಟ್ಟಿದ್ದು. ಈಜುಕೊಳ ತುಂಬಲಿಕ್ಕಲ್ಲ.

ಈ ಮಾತನ್ನೆಲ್ಲಾ ನಾನೇ ಮೊದಲು ಹೇಳುತ್ತಿರುವುದಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಲಕ್ಷದ್ವೀಪಕ್ಕಾಗಿ ಒಂದು ತಜ್ಞರ ಸಮಿತಿ ಮಾಡಿತು. ಅದರ ಮುಖ್ಯಸ್ಥರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಕೆಲಸ ಮಾಡಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. ಒಂದೊಂದು ದ್ವೀಪಕ್ಕೂ ಅದರದ್ದೇ ಯೋಜನೆ ಇರಲಿ ಅನ್ನುವ ದಾರಿಯಲ್ಲಿ ಆ ಸಮಿತಿ ಕೆಲಸ ಮಾಡಿತು. ಆ ಕಡತ ನಿಮ್ಮ ಕಪಾಟಿನಲ್ಲೇ ಇದೆ. ತೆಗೆದು ಮೇಜಿನ ಮೇಲಿಡಿ ಅಂತಷ್ಟೇ ನನ್ನ ಬೇಡಿಕೆ.

ಬಂಗಾರಂ ಹತ್ತಿರ ಪರಳಿ ಅಂತ ಒಂದು ಪುಟ್ಟ ದ್ವೀಪ ಇತ್ತು, ಜನ ಇರಲಿಲ್ಲ. 1968ರಲ್ಲಿ ಎಂಟು ಎಕರೆಯಷ್ಟಿದ್ದದ್ದು ಕೊರೆದು ಕೊರೆದು ಪೂರ್ತಿ ಹೋಗಿಬಿಟ್ಟಿದೆ ಅಂತ 2017ರಲ್ಲಿ ಗೊತ್ತಾಯಿತು. 2024ರ ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ನಮ್ಮ ಹಳೇ ಬಂದರಿಗೆ ಒಂದು ವೇಗದ ಹಡಗು ಬಂತು. ಏಳು ಗಂಟೆಯ ಪ್ರಯಾಣ. ಊರಿಗೆ ಊರೇ ಖುಷಿಪಟ್ಟಿತು, ನಾನೂ ಪಟ್ಟೆ. ಅಪ್ಪನ ಕಾಲದಲ್ಲಿ ಮಂಜಿ ಬರುವುದು ಗಾಳಿಯನ್ನು ನಂಬಿ, ದಿನಗಟ್ಟಲೆ. ಹಡಗಿನ ಹೆಸರು ನೋಡಿದೆ. ಪರಳಿ.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ, ನನಗೆ ತೋಚಿದ್ದು ಇಷ್ಟು. ಲಗೂನ್‌ನೊಳಗೆ ಏನನ್ನೂ ಕಟ್ಟಬೇಡಿ. ಉಳಿಯಲು ಬಂದವರು ದಡದಲ್ಲಿ, ಊರಿನವರ ಮನೆಯಲ್ಲಿ ಉಳಿಯಲಿ, ದುಡ್ಡು ಅವರ ಕೈಗೇ ಹೋಗಲಿ. ನೀರು ಬಿಸಿಯಾಗಿ ಹವಳ ಬೆಳ್ಳಗಾದ ತಿಂಗಳುಗಳಲ್ಲಿ ದಿಬ್ಬದ ಮೇಲೆ ಈಜುವುದನ್ನು ನಿಲ್ಲಿಸಿ. ನಮ್ಮಲ್ಲಿ ಮೀನು ಮರಿಯಾಗುವ ಮಳೆಗಾಲದಲ್ಲಿ ಬೋಟುಗಳನ್ನು ದಡಕ್ಕೆ ಎಳೆಯುತ್ತೇವಲ್ಲ, ಹಾಗೆ. ದೋಣಿಯ ಹುಡುಗನಿಗೆ ಬೈಯಬೇಡಿ, ಅವನಿಗೆ ಕಡಲ ಸೌತೆ ತೋರಿಸುವುದನ್ನು ಕಲಿಸಿ, ಎತ್ತದೆ. ಅವನ ಸಂಬಳ ನನ್ನ ಫೋಟೋದ ಮೇಲೆ ನಿಂತಿರಬಾರದು.

ಇನ್ನೊಂದು. ವರ್ಷಕ್ಕೆ ಎಷ್ಟು ಪ್ರವಾಸಿಗರು ಬಂದರು ಅಂತ ಲೆಕ್ಕ ಕೊಡುವಾಗ ಪಕ್ಕದಲ್ಲೇ ಜೀವಂತ ಹವಳ ಶೇಕಡಾ ಎಷ್ಟು ಅಂತಲೂ ಬರೆಯಿರಿ, ದ್ವೀಪವಾರು. ಎರಡೂ ಅಂಕಿ ಒಂದೇ ಹಾಳೆಯಲ್ಲಿರಲಿ. ನಮಗೆ ಪ್ರವೇಶದ ಪರ್ಮಿಟ್ ಕೊಡುತ್ತೀರಲ್ಲ, ಅದರ ಹಿಂಬದಿ ಖಾಲಿ ಇದ್ದರೆ ಅಲ್ಲೇ ಅಚ್ಚು ಹಾಕಿ. ಕನ್ನಡದಲ್ಲೂ ಇರಲಿ. ನಮ್ಮ ಕಡೆಯಿಂದ ಬರುವವರು ಗಂಟೆಗಟ್ಟಲೆ ಹಡಗಿನಲ್ಲಿ ಕೂತಿರುತ್ತಾರೆ, ಓದಲು ಬೇಕಾದಷ್ಟು ಸಮಯ ಇರುತ್ತದೆ.

ಇಂತಿ,
ಬಂದರಿನ ಹಳೇ ನಾರಿನ ವ್ಯಾಪಾರಿಯೊಬ್ಬರ ಮಗಳು
ಮಂಗಳೂರು